ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದವರಲ್ಲ

ಇಂಜಿನಿಯರಿಂಗ್ ಪಾಠ, ಲ್ಯಾಬ್, ಪರೀಕ್ಷೆ ಕುರಿತ ಓದುಗರ ಪ್ರಶ್ನೆಗಳಿಗೆ ಮೆಕ್ಯಾನಿಕಲ್ ವಿಭಾಗದ ಹಿರಿಯ ಪ್ರಾಧ್ಯಾಪಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ಈ ವರ್ಷವಷ್ಟೇ ಮೆಕ್ಯಾನಿಕಲ್ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕನಾಗಿ ಸೇರಿದ್ದೇನೆ. ಮೂರನೆಯ ಸೆಮಿಸ್ಟರಿನ ನನ್ನ ತರಗತಿಯಲ್ಲಿ ಪಿಯುಸಿ ಮುಗಿಸಿದವರು, ಸಿಬಿಎಸ್‌ಇ ಓದಿದವರು, ಡಿಪ್ಲೊಮಾ ಮಾಡಿ ನೇರವಾಗಿ ಎರಡನೆಯ ವರ್ಷಕ್ಕೆ ಬಂದವರು ಎಲ್ಲರೂ ಇದ್ದಾರೆ. ಮುಂದಿನ ಬೆಂಚಿನವರಿಗೆ ಹೇಳಿದರೆ ಹಿಂದಿನವರು ತೂಕಡಿಸುತ್ತಾರೆ. ಹಿಂದಿನವರಿಗೆ ಹೇಳಿದರೆ ಮುಂದಿನವರು ಮೊಬೈಲ್ ತೆಗೆಯುತ್ತಾರೆ. ಯಾರನ್ನು ನೋಡಿ ಪಾಠ ಮಾಡಲಿ?
— ಒಬ್ಬ ಉಪನ್ಯಾಸಕ, ಹಾವೇರಿ

ಉತ್ತರ: 'ಸಾಧಾರಣ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠ ಮಾಡಿ' ಎಂದು ಹಿರಿಯರು ಯಾರಾದರೂ ನಿಮಗೆ ಈಗಾಗಲೇ ಹೇಳಿರುತ್ತಾರೆ. ಆ ಸಾಧಾರಣ ವಿದ್ಯಾರ್ಥಿ ನನ್ನ ಹಾಜರಿ ಪುಸ್ತಕದಲ್ಲಿ ಇದುವರೆಗೆ ಸಿಕ್ಕಿಲ್ಲ. ಸಿಕ್ಕಿದವರೆಲ್ಲ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದವರೇ. ಆದ್ದರಿಂದ ಯಾರನ್ನು ನೋಡಿ ಪಾಠ ಮಾಡಬೇಕೆಂಬ ಚಿಂತೆಯನ್ನು ಸ್ವಲ್ಪ ಬದಿಗಿಡಿ. ಈ ಮಕ್ಕಳು ಇಲ್ಲಿಗೆ ಬರುವ ಮೊದಲು ಏನನ್ನು ಕಂಡಿದ್ದಾರೆ, ಕೈಯಲ್ಲಿ ಏನನ್ನು ಮುಟ್ಟಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಡಿಪ್ಲೊಮಾದವರನ್ನೇ ತೆಗೆದುಕೊಳ್ಳಿ. ಸ್ಟಾಫ್ ರೂಮಿನಲ್ಲಿ ಅವರ ಬಗ್ಗೆ ಇರುವ ಮಾತು ಒಂದೇ: ಗಣಿತ ಬರುವುದಿಲ್ಲ. ಪಿಯುಸಿಯಲ್ಲಿ ಎರಡು ವರ್ಷ ಗಣಿತ ಅರೆದು ಬಂದವರ ಪಕ್ಕದಲ್ಲಿ ಅವರಿಗೆ ಇಂಟಿಗ್ರೇಷನ್ ಕಷ್ಟವೆಂಬುದು ನಿಜ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅವರಿಗೆ ಹೆಚ್ಚುವರಿ ಗಣಿತದ ಕೋರ್ಸ್ ಇಟ್ಟದ್ದೂ ಅದಕ್ಕೇ. ಆದರೆ ವರ್ನಿಯರ್ ಹಿಡಿದು ಅಳತೆ ಓದುವುದು, ಲೇತಿನಲ್ಲಿ ಟೂಲಿನ ಎತ್ತರ ಹೊಂದಿಸುವುದು, ಶಾಫ್ಟಿನ ಕೀವೇ (ಚಕ್ರವನ್ನು ಹಿಡಿದಿಡುವ ಕೀಲಿಗಾಗಿ ಕೊರೆದ ಸೀಳು) ಯಾವ ಮೂಲೆಯಲ್ಲಿ ಬಿರುಕು ಬಿಡುತ್ತದೆಂದು ಬೆರಳಿಟ್ಟು ತೋರಿಸುವುದು ಅವರಿಗೆ ಗೊತ್ತು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದ ಹುಡುಗ ಕೀವೇಯನ್ನು ಚಿತ್ರದಲ್ಲಷ್ಟೇ ಕಂಡಿರುತ್ತಾನೆ. ಸ್ಟ್ರೆಸ್ ಕಾನ್ಸಂಟ್ರೇಷನ್ (ಮೂಲೆ, ಸೀಳುಗಳಲ್ಲಿ ಒತ್ತಡ ಗುಂಪುಗೂಡುವುದು) ಪಾಠದ ದಿನ ನಾನು ಮುರಿದ ಶಾಫ್ಟಿನ ತುಂಡೊಂದನ್ನು ತರಗತಿಗೆ ಒಯ್ಯುತ್ತೇನೆ. ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ, ಇಲಾಖೆಯ ಅನುಮತಿ ಬೇಕಿಲ್ಲ. ಮುರಿದ ಮುಖದಲ್ಲಿ ಒಂದು ಭಾಗ ನಯವಾಗಿ, ಅಲೆಅಲೆಯಾಗಿ ಇರುತ್ತದೆ. ಉಳಿದ ಭಾಗ ಒರಟು. ಬಿರುಕು ಎಲ್ಲಿ ಹುಟ್ಟಿತು, ಎಷ್ಟು ದೂರ ನಿಧಾನವಾಗಿ ತೆವಳಿತು, ಎಲ್ಲಿ ಒಮ್ಮೆಲೇ ಮುರಿಯಿತು ಎಂಬುದನ್ನು ಡಿಪ್ಲೊಮಾದವರು ಓದಿ ಹೇಳುತ್ತಾರೆ. ಸೂತ್ರ ಬಂದಾಗ ಪಿಯುಸಿಯವರು ಮುಂದಾಗುತ್ತಾರೆ. ಆ ದಿನ ಯಾರೂ ಯಾರಿಗೂ ಕಡಿಮೆಯಾಗಿ ಕಾಣುವುದಿಲ್ಲ.

ಹಳ್ಳಿಯಿಂದ ಬಂದವರದು ಇನ್ನೊಂದು ಬಗೆ. ನನ್ನ ಅಪ್ಪನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿಯಿತ್ತು. ಫುಟ್‌ವಾಲ್ವ್ (ಪೈಪಿನ ಬುಡದಲ್ಲಿ ನೀರು ವಾಪಸು ಹೋಗದಂತೆ ತಡೆಯುವ ಕವಾಟ) ಸೋರಿದರೆ ರೈತರು ಪ್ರೈಮಿಂಗ್ ನೀರಿಗೆ, ಅಂದರೆ ಪಂಪು ಶುರುಮಾಡುವ ಮೊದಲು ತುಂಬಿಸುವ ನೀರಿಗೆ, ಸೋರಿಕೆ ಮುಚ್ಚಲೆಂದು ಸಗಣಿ ಕಲಸಿ ಸುರಿಯುವುದನ್ನು ನೋಡಿಯೇ ಬೆಳೆದವಳು ನಾನು. ತೆರೆದ ಬಾವಿ ಇರುವ ಮನೆಯ ಮಗನನ್ನು ಕೇಳಿ: ಬೇಸಿಗೆಯಲ್ಲಿ ನೀರು ಇಳಿದಾಗ ಪಂಪನ್ನು ಏಕೆ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತೀರಿ? ಇಪ್ಪತ್ತು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಅದು ಎಳೆಯುವುದಿಲ್ಲ ಎನ್ನುತ್ತಾನೆ. ಈಗ ಬೋರ್ಡಿನ ಮೇಲೆ ಲೆಕ್ಕ ಹಾಕಿ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 10.3 ಮೀಟರ್ ನೀರಿನ ಕಂಬಕ್ಕೆ ಸಮ. ಬೆಂಗಳೂರಿನಂತೆ 900 ಮೀಟರ್ ಎತ್ತರದ ಊರಿನಲ್ಲಿ ಅದು 9.3ರ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಫುಟ್‌ವಾಲ್ವಿನ ನಷ್ಟ, ನೀರು ಆವಿಯಾಗದಂತೆ ಉಳಿಸಿಕೊಳ್ಳಬೇಕಾದ ಒತ್ತಡ ಎಲ್ಲ ಕಳೆದರೆ ಆರೇಳು ಮೀಟರ್ ಉಳಿಯುತ್ತದೆ. ಆ ಹುಡುಗನ ಇಪ್ಪತ್ತು ಇಪ್ಪತ್ತೈದು ಅಡಿ ಅದೇ. ಕ್ಯಾವಿಟೇಷನ್ (ಒತ್ತಡ ಕುಸಿದು ಪಂಪಿನೊಳಗೆ ನೀರು ಆವಿಯ ಗುಳ್ಳೆಯಾಗುವುದು) ಎಂಬ ಪಾಠ ಅವನ ಬಾವಿಯ ಕಟ್ಟೆಯಿಂದ ಶುರುವಾದರೆ ಹಿಂದಿನ ಬೆಂಚು ತೂಕಡಿಸುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಈ ಬಾವಿ ಹೊಸದು, ಆದ್ದರಿಂದ ಅದೂ ಕಿವಿ ನಿಮಿರಿಸುತ್ತದೆ.

ಇನ್ನು ಮುಂದಿನ ಬೆಂಚಿನವರ ಮೊಬೈಲ್. ಅವರನ್ನು ಹಿಡಿದಿಡಲು ಕಷ್ಟದ ಲೆಕ್ಕ ಬೇಕಿಲ್ಲ, ಸುಲಭವಾಗಿ ಕಾಣುವ ಪ್ರಶ್ನೆ ಸಾಕು. ಸರ್ಕಾರಿ ಬಸ್ಸು ನಿಂತಿದ್ದ ಸ್ಕೂಟರಿಗೆ ಗುದ್ದಿತು. ಬಸ್ಸು ಸ್ಕೂಟರಿನ ಮೇಲೆ ಹಾಕಿದ ಬಲ ಹೆಚ್ಚೋ, ಸ್ಕೂಟರು ಬಸ್ಸಿನ ಮೇಲೆ ಹಾಕಿದ ಬಲ ಹೆಚ್ಚೋ, ಎರಡೂ ಸಮವೋ? ಎರಡೂ ಸಮವೆಂದು ಹೇಳುವ ನ್ಯೂಟನ್ನನ ಮೂರನೆಯ ನಿಯಮವನ್ನು ನಿದ್ದೆಯಲ್ಲೂ ಒಪ್ಪಿಸುವವರು ಇಲ್ಲಿ ಬಸ್ಸಿನ ಪಕ್ಷ ಹಿಡಿಯುತ್ತಾರೆ. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಪ್ರಕಟಿಸಿದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನಾವಳಿಯಲ್ಲಿ ಇದೇ ಜಾತಿಯ ಪ್ರಶ್ನೆಗಳಿವೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಎರಿಕ್ ಮಜುರ್ ತನ್ನ ವಿದ್ಯಾರ್ಥಿಗಳಿಗೆ ಇಂಥ ಪ್ರಶ್ನೆ ಕೊಟ್ಟು, ಅವರು ಎಡವಿದ್ದನ್ನು ಕಂಡು ಪಾಠದ ಕ್ರಮವನ್ನೇ ಬದಲಿಸಿಕೊಂಡರು. ಅವರ ವಿಧಾನ ನಮ್ಮ ತರಗತಿಗೂ ಹೊಂದುತ್ತದೆ. ಪ್ರಶ್ನೆ ಹಾಕಿ, ಮಾತಿಲ್ಲದೆ ಯೋಚಿಸಲು ಒಂದು ನಿಮಿಷ ಕೊಡಿ. ಉತ್ತರವನ್ನು ಎದೆಯ ಹತ್ತಿರ ಬೆರಳು ಹಿಡಿದು ತೋರಿಸಲಿ, ಪಕ್ಕದವರಿಗೆ ಕಾಣಬಾರದು. ಸರಿ ಉತ್ತರ ಕೊಟ್ಟವರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಮತ್ತೆ ಪಾಠ ಮಾಡಿ. ಮುಕ್ಕಾಲು ಪಾಲಿನ ಹತ್ತಿರ ಬಂದಿದ್ದರೆ ಎರಡು ಮಾತು ಹೇಳಿ ಮುಂದೆ ಹೋಗಿ. ನಡುವೆ ಇದ್ದರೆ 'ಪಕ್ಕದವರನ್ನು ಒಪ್ಪಿಸಿ' ಎಂದು ಹೇಳಿ ನೀವು ಬಾಯಿ ಮುಚ್ಚಿಕೊಳ್ಳಿ. ಆಗ ಏಳುವ ಗದ್ದಲ ನಿಮ್ಮ ಪ್ರಿನ್ಸಿಪಾಲರಿಗೆ ಕೇಳಿಸಬಹುದು. ಕೇಳಿಸಲಿ. ಈಗಷ್ಟೇ ಅರ್ಥ ಮಾಡಿಕೊಂಡವನು ಅರ್ಥವಾಗದವನಿಗೆ ಹೇಳುವ ರೀತಿಯಲ್ಲಿ ನಾನು, ನೀವು ಹೇಳಲಾರೆವು. ಎಲ್ಲಿ ಸಿಕ್ಕಿಬಿದ್ದಿದ್ದೆ ಎಂಬುದು ಅವನಿಗೆ ಇನ್ನೂ ನೆನಪಿರುತ್ತದೆ.

ಸಿಲಬಸ್ ಮುಗಿಯುವುದಿಲ್ಲವೆಂಬ ಆಕ್ಷೇಪ ನಿಮ್ಮ ತುದಿನಾಲಿಗೆಯಲ್ಲಿದೆಯೆಂದು ಬಲ್ಲೆ. ಒಂದು ತಾಸಿನ ಪಾಠಕ್ಕೆ ಇಂಥದ್ದು ಒಂದು ಪ್ರಶ್ನೆ ಸಾಕು, ಆರೇಳು ನಿಮಿಷ ಹೋಗುತ್ತದೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಇಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾಗಿದ್ದರು, ವಿದ್ಯಾರ್ಥಿಗಳೇ ಏನಾದರೂ ಮಾಡುತ್ತಿದ್ದ ತರಗತಿಗಳಲ್ಲಿ ಸುಮಾರು 22. ಮುಗಿಸಿದ ಸಿಲಬಸ್ ಯಾರ ತಲೆಯಲ್ಲಿ ಮುಗಿಯಿತು ಎಂದು ಕೇಳುವ ಧೈರ್ಯ ನಮ್ಮ ವಿಭಾಗದ ಸಭೆಗಳಿಗೆ ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಲೆಕ್ಕ ಹೊಸದಾಗಿರುವವರಿಗೆ ಹಂತಹಂತವಾಗಿ ಬಿಡಿಸಿದ ಮಾದರಿ ಕೊಡಿ. ಎರಡನೆಯ ಲೆಕ್ಕದಲ್ಲಿ ಕೊನೆಯ ಹಂತ ಖಾಲಿ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡು. ಬಿಡಿಸಿದ ಮಾದರಿ ಹೊಸಬರಿಗೆ ಎಷ್ಟು ನೆರವಾಗುತ್ತದೆಂಬುದನ್ನು ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ತೋರಿಸಿದ್ದಾರೆ. ಆದರೆ ಗೊತ್ತಿದ್ದವರಿಗೆ ಅದೇ ಮಾದರಿ ಅಡ್ಡಿಯಾಗುತ್ತದೆ, ಅವರಿಗೆ ನೇರವಾಗಿ ಲೆಕ್ಕ ಕೊಟ್ಟುಬಿಡಿ. ನಾನು ಒಂದೇ ಹಾಳೆಯ ಎರಡು ಬದಿಗಳಲ್ಲಿ ಎರಡನ್ನೂ ಅಚ್ಚು ಹಾಕಿಸುತ್ತೇನೆ. ಯಾವ ಬದಿ ಬೇಕೆಂದು ಅವರೇ ಆರಿಸಿಕೊಳ್ಳುತ್ತಾರೆ. ಜಾಣರ ಗುಂಪು, ದಡ್ಡರ ಗುಂಪು ಎಂದು ಬೇರೆ ಕೂರಿಸುವ ಕೆಟ್ಟ ಚಾಳಿ ಬೇಕಾಗುವುದೇ ಇಲ್ಲ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಸಿವಿಲ್ ಎರಡನೆಯ ವರ್ಷ. ತರಗತಿಯಲ್ಲಿ ಅರ್ಥವಾದಂತೆ ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಏನು ಕೇಳಿದ್ದಾರೆಂದೇ ತಿಳಿಯುವುದಿಲ್ಲ. ಎದ್ದು ನಿಂತು ಕೇಳಲು ನಾಚಿಕೆ.
— ಒಬ್ಬ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: 'ನೀನು' ಎನ್ನುತ್ತೇನೆ, ಬೇಸರ ಬೇಡ. ನಾನೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮವೇ.

ನಿನ್ನನ್ನು ಕಾಡುತ್ತಿರುವುದು ದೊಡ್ಡ ಪದಗಳಲ್ಲ. 'ಬೆಂಡಿಂಗ್ ಮೊಮೆಂಟ್' ಕಾನ್ವೆಂಟಿನಲ್ಲಿ ಓದಿದವಳಿಗೂ ನಿನ್ನಷ್ಟೇ ಹೊಸದು, ಅದನ್ನು ಇಬ್ಬರೂ ತರಗತಿಯಲ್ಲೇ ಕಲಿತಿರಿ. ಎಡವುವುದು ತರಗತಿಯಲ್ಲಿ ಯಾರೂ ಬಿಡಿಸಿ ಹೇಳದ ಸಣ್ಣಪುಟ್ಟ ಮಾತುಗಳಿಗೆ. ಘರ್ಷಣೆಯ ಲೆಕ್ಕದಲ್ಲಿ 'ಮೋಷನ್ ಈಸ್ ಇಂಪೆಂಡಿಂಗ್' ಎಂದು ಬರೆದಿರುತ್ತಾರೆ. ವಸ್ತು ಇನ್ನೇನು ಜಾರಲಿದೆ, ಆದರೆ ಇನ್ನೂ ಜಾರಿಲ್ಲ ಎಂದು ಅದರ ಅರ್ಥ. ಅಂದರೆ ಘರ್ಷಣೆ ತನ್ನ ಗರಿಷ್ಠ ಮಿತಿಯನ್ನು ಮುಟ್ಟಿದೆ, ಘರ್ಷಣಾಂಕವನ್ನು ಲಂಬ ಪ್ರತಿಕ್ರಿಯೆಯಿಂದ ಗುಣಿಸಿಬಿಡಬಹುದು. ಆ ಒಂದು ಮಾತು ತಿಳಿಯದಿದ್ದರೆ ಇಡೀ ಲೆಕ್ಕ ಹೋಯಿತು. 'ನೆಗ್ಲೆಕ್ಟಿಂಗ್ ಸೆಲ್ಫ್ ವೆಯ್ಟ್' ಎಂದಿದ್ದರೆ ತೊಲೆಯ ಸ್ವಂತ ಭಾರವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದರ್ಥ. 'ರೆಸ್ಪೆಕ್ಟಿವ್ಲಿ' ಎಂದಿದ್ದರೆ ಮೊದಲು ಹೇಳಿದ್ದಕ್ಕೆ ಮೊದಲ ಸಂಖ್ಯೆ, ಎರಡನೆಯದಕ್ಕೆ ಎರಡನೆಯ ಸಂಖ್ಯೆ. ಹಳೆಯ ಐದು ವರ್ಷದ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು ಇಂಥ ಮಾತುಗಳನ್ನು ಒಂದು ಕಡೆ ಬರೆದುಕೊಂಡು ಹೋಗು. ತಿರುಗಿ ತಿರುಗಿ ಅವೇ ಬರುತ್ತವೆ. ಪಟ್ಟಿ ನೀನು ಹೆದರಿದಷ್ಟು ಉದ್ದವಾಗುವುದಿಲ್ಲ.

ಬರೆಯುವಾಗ ಮೊದಲು ಚಿತ್ರ. ಕೊಟ್ಟ ಅಳತೆಗಳನ್ನೆಲ್ಲ ಚಿತ್ರದ ಮೇಲೆ ಗುರುತಿಸು. ಆಮೇಲೆ ಯಾವ ನಿಯಮ ಬಳಸುತ್ತಿದ್ದೀಯೆಂದು ನಾಲ್ಕು ಪದದ ಒಂದು ವಾಕ್ಯ, ನಂತರ ಸಮೀಕರಣ, ಕೊನೆಯಲ್ಲಿ ಅಳತೆಯ ಮಾನದೊಂದಿಗೆ (ಯೂನಿಟ್) ಉತ್ತರ. ಮೌಲ್ಯಮಾಪಕರು ಅಂಕ ಕೊಡುವುದು ಈ ಹಂತಗಳಿಗೆ. ಅಲಂಕಾರದ ಇಂಗ್ಲಿಷಿಗೆ ಅಂಕವಿಲ್ಲ.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಎಐಸಿಟಿಇ 2021–22ರಿಂದ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಹೇಳಿಕೊಡಲು ಅನುಮತಿ ಕೊಟ್ಟಿದೆ. ಕೆಲಸ ಸಿಗದೆಂಬ ಭಯ ತಂದೆತಾಯಂದಿರಿಗಿದೆ. ಆ ಚರ್ಚೆ ಮುಗಿಯುವವರೆಗೆ ನೀನು ಕಾಯಬೇಕಿಲ್ಲ. ಅದೇ ಸಂಸ್ಥೆಯ 'ಇ-ಕುಂಭ್' ತಾಣದಲ್ಲಿ ಕನ್ನಡದ ಪಠ್ಯಪುಸ್ತಕಗಳಿವೆ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆದರೂ ರಾತ್ರಿ ಓದುವಾಗ ಅದನ್ನು ಪಕ್ಕದಲ್ಲಿಟ್ಟುಕೋ.

ಎದ್ದು ಕೇಳುವ ನಾಚಿಕೆಗೆ ಮದ್ದು ಮೇಷ್ಟ್ರ ಕೈಯಲ್ಲಿದೆ, ನಿನ್ನ ಕೈಯಲ್ಲಲ್ಲ. ನನ್ನ ತರಗತಿಯಲ್ಲಿ ಜಾರ್ಖಂಡ್, ಜಮ್ಮು ಕಡೆಯ ಮಕ್ಕಳೂ ಇರುವುದರಿಂದ ಪೂರ್ತಿ ಕನ್ನಡದಲ್ಲಿ ಪಾಠ ಮಾಡಲಾಗುವುದಿಲ್ಲ (ಅವರಿಗಾಗಿ ವಿಟಿಯು 'ಬಳಕೆ ಕನ್ನಡ' ಇಟ್ಟಿದೆ, ಅವರು ನನ್ನಿಂದಲೂ ಒಂದಿಷ್ಟು ಕಲಿಯುತ್ತಾರೆ). ಆದರೆ ಗುಂಪಿನಲ್ಲಿ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಲಿ ಎಂಬುದು ಮೊದಲ ದಿನದ ಕರಾರು. ಪಾಠದ ಕೊನೆಗೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಅರ್ಥವಾಗದ್ದನ್ನು ಹೆಸರಿಲ್ಲದೆ ಬರೆದು ಕೊಡುತ್ತಾರೆ. ಕನ್ನಡದ ಚೀಟಿಗಳೇ ಹೆಚ್ಚು ಕರಾರುವಾಕ್ಕಾಗಿರುತ್ತವೆ. ಈ ಪುಟವನ್ನು ನಿನ್ನ ಮೇಷ್ಟ್ರ ಮೇಜಿನ ಮೇಲೆ ಮರೆತು ಬಂದಂತೆ ಬಿಟ್ಟು ಬಾ.

ಪ್ರಶ್ನೆ: ಮಗಳು ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಬೇರೆಲ್ಲ ವಿಷಯದಲ್ಲಿ ಚೆನ್ನಾಗಿದ್ದರೂ ಡ್ರಾಯಿಂಗ್‌ನಲ್ಲಿ ಇಂಟರ್ನಲ್ಸ್ ಹೋಗಿದೆ. ಹೆಣ್ಣುಮಕ್ಕಳಿಗೆ ಇದು ಒಗ್ಗುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಹೌದೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇಲ್ಲ. ಈ ಉತ್ತರವನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರಿಗೂ ಒಂದು ಕೆಲಸವಿದೆ.

ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು ಅಭ್ಯಾಸದಿಂದ ಬರುತ್ತದೆ. ಚಿಕ್ಕವರಿದ್ದಾಗ ಯಾರ ಕೈಗೆ ಸ್ಪ್ಯಾನರ್, ಮರದ ತುಂಡು, ಸೈಕಲ್ ಚೈನು ಸಿಕ್ಕಿತ್ತೋ ಅವರು ಆ ಅಭ್ಯಾಸವನ್ನು ಮಾಡಿಕೊಂಡೇ ಬಂದಿರುತ್ತಾರೆ. ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸೋರ್ಬಿ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕಿ, ಬೆವರ್ಲಿ ಬಾರ್ಟ್‌ಮನ್ಸ್ ಜೊತೆಗೂಡಿ 1993ರಲ್ಲಿ ಇದಕ್ಕಾಗಿಯೇ ಒಂದು ಕೋರ್ಸ್ ಶುರುಮಾಡಿದರು. ಹೊಸದಾಗಿ ಸೇರಿದವರಿಗೆ ವಸ್ತು ತಿರುಗಿಸುವ ಪರೀಕ್ಷೆಯೊಂದನ್ನು ಕೊಟ್ಟು, ಕಡಿಮೆ ಅಂಕ ಬಂದವರಿಗೆ ಘನಾಕೃತಿಗಳನ್ನು ಜೋಡಿಸುವ, ಅವುಗಳ ಚಿತ್ರವನ್ನು ಕೈಯಲ್ಲಿ ಬರೆಯುವ ಅಭ್ಯಾಸ ಮಾಡಿಸಿದರು. ಕಡಿಮೆ ಅಂಕದವರಲ್ಲಿ ಹುಡುಗಿಯರ ಪಾಲು ಹೆಚ್ಚಿತ್ತು. ಅಭ್ಯಾಸದ ನಂತರ ಅವರ ಅಂಕ ಏರಿತು, ಇಂಜಿನಿಯರಿಂಗ್ ಬಿಟ್ಟು ಹೋಗುವುದೂ ಕಡಿಮೆಯಾಯಿತು. ಸೋರ್ಬಿ ಅವರಿಗೂ ಓದುವ ದಿನಗಳಲ್ಲಿ ಡ್ರಾಯಿಂಗ್ ಕಷ್ಟವಾಗಿತ್ತು.

ಮನೆಯಲ್ಲಿ ಹೀಗೆ ಮಾಡಿ. ಅಗ್ಗದ ಬಟ್ಟೆ ಸಾಬೂನಿನ ನಾಲ್ಕು ಬಿಲ್ಲೆ ತನ್ನಿ. ಒಂದರಲ್ಲಿ ಮೂಲೆ ಕತ್ತರಿಸಿ, ಇನ್ನೊಂದರಲ್ಲಿ ಮೆಟ್ಟಿಲು ಮಾಡಿ, ಮತ್ತೊಂದರಲ್ಲಿ ಕಾಲುವೆಯಂಥ ತೋಡು ಕೊರೆಯಿರಿ. ಮಗಳು ಅದನ್ನು ಕೈಯಲ್ಲಿ ಹಿಡಿದು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಾಣುವ ಮೂರು ನೋಟಗಳನ್ನು ಸ್ಕೇಲ್ ಇಲ್ಲದೆ ಬರೆಯಲಿ. ಆಮೇಲೆ ಅವಳು ಮನಸ್ಸಿನಲ್ಲೇ ಒಂದು ಆಕಾರ ಊಹಿಸಿ ಮೂರು ನೋಟಗಳನ್ನಷ್ಟೇ ಬರೆದು ಅಪ್ಪನ ಕೈಗೆ ಕೊಡಲಿ. ಅವರು ಹೊಸ ಬಿಲ್ಲೆಯನ್ನು ಅದರಂತೆ ಕತ್ತರಿಸಬೇಕು. ಅವರು ಎರಡು ಸಾಬೂನು ಹಾಳು ಮಾಡುವಷ್ಟರಲ್ಲಿ ಮನೆಯ ಅಭಿಪ್ರಾಯ ಬದಲಾಗಿರುತ್ತದೆ. ಶಂಕುವಿನ ಛೇದಗಳಿಗೆ ಕ್ಯಾರೆಟ್ ಒಳ್ಳೆಯದು. ಬುಡಕ್ಕೆ ಸಮಾಂತರವಾಗಿ ಕತ್ತರಿಸಿದರೆ ವೃತ್ತ, ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ, ಪಕ್ಕದ ಅಂಚಿಗೆ ಸಮಾಂತರವಾಗಿ ಕತ್ತರಿಸಿದರೆ ಪ್ಯಾರಾಬೋಲಾ.

ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಅಮೆರಿಕದವರ ಪಾಠ ನೋಡಿ ಅವಳು ಗೊಂದಲ ಮಾಡಿಕೊಂಡಿರಬಹುದು. ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ: ಮೇಲಿನ ನೋಟವನ್ನು ಮುಂದಿನ ನೋಟದ ಕೆಳಗೆ ಬರೆಯುತ್ತೇವೆ, ಎಡಗಡೆಯ ನೋಟವನ್ನು ಬಲಕ್ಕೆ. ಅಮೆರಿಕದ ಥರ್ಡ್ ಆ್ಯಂಗಲ್‌ನಲ್ಲಿ ಇದು ತಿರುಗುಮುರುಗು. ಎರಡನ್ನೂ ಬೆರೆಸಿದರೆ ಜಾಣ ಮಕ್ಕಳಿಗೂ ಸೊನ್ನೆ ಬರುತ್ತದೆ. ಕಾಲೇಜಿನಲ್ಲಿ ಈಗ ಕಂಪ್ಯೂಟರಿನಲ್ಲೇ ಡ್ರಾಯಿಂಗ್ ಮಾಡಿಸುತ್ತಾರೆ. ಮೌಸ್ ಹಿಡಿಯುವ ಮೊದಲು ಪೆನ್ಸಿಲ್ ಓಡಬೇಕೆಂಬ ನನ್ನ ಹಳೆಯ ಹಟವನ್ನು ಸೋರ್ಬಿಯವರ ಕೆಲಸವೂ ಎತ್ತಿಹಿಡಿಯುತ್ತದೆ ಎಂಬುದು ನನಗೊಂದು ಸಮಾಧಾನ.

ಪ್ರಶ್ನೆ: ಮಗ 'ವಿಷುವಲ್ ಲರ್ನರ್', ಅಂದರೆ ನೋಡಿ ಕಲಿಯುವವನು ಎಂದು ಒಂದು ಸಂಸ್ಥೆಯವರು ದುಡ್ಡು ತೆಗೆದುಕೊಂಡು ವರದಿ ಕೊಟ್ಟಿದ್ದಾರೆ. ಅವನಿಗೆ ವಿಡಿಯೊದಲ್ಲೇ ಪಾಠ ಮಾಡಿಸಬೇಕೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ವರದಿಯನ್ನು ಮಡಿಚಿಡಿ. ಇಂಜಿನಿಯರಿಂಗ್ ಬೋಧನೆಗೆ ಕಲಿಕೆಯ ಶೈಲಿಗಳ ಮಾತನ್ನು ತಂದವರು ರಿಚರ್ಡ್ ಫೆಲ್ಡರ್ ಮತ್ತು ಲಿಂಡಾ ಸಿಲ್ವರ್‌ಮನ್, 1988ರಲ್ಲಿ. ಅವರು ಹೇಳಿದ್ದು ಮೇಷ್ಟ್ರು ಎಲ್ಲ ಬಗೆಯಲ್ಲೂ ಪಾಠ ಮಾಡಲಿ ಎಂದು. ಮಕ್ಕಳಿಗೆ ಚೀಟಿ ಅಂಟಿಸಿ ಬೇರ್ಪಡಿಸಿ ಎಂದಲ್ಲ. ಶೈಲಿಗೆ ತಕ್ಕ ಪಾಠ ಕೊಟ್ಟರೆ ಹೆಚ್ಚು ಕಲಿಯುತ್ತಾರೆಂಬುದಕ್ಕೆ ಸರಿಯಾದ ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದರು. ಗೇರ್‌ಬಾಕ್ಸ್ ಅರ್ಥವಾಗಬೇಕಾದರೆ ಎಲ್ಲರೂ ಚಿತ್ರ ನೋಡಬೇಕು, ಎಲ್ಲರೂ ಬಿಚ್ಚಬೇಕು, ಎಲ್ಲರೂ ಲೆಕ್ಕ ಹಾಕಬೇಕು. ನಿಮ್ಮ ಮಗನಿಗೂ ಇದರಿಂದ ವಿನಾಯಿತಿ ಇಲ್ಲ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಬೋಧಕ ನಾನು. ಒಬ್ಬ ಹುಡುಗ ರೆಸಿಸ್ಟರ್‌ಗಳನ್ನು ಯಾವಾಗಲೂ ತಪ್ಪಾಗಿ ಆರಿಸುತ್ತಾನೆ. ಬಣ್ಣ ಗುರುತಿಸುವ ತೊಂದರೆಯಿದೆ ಎಂದು ಆಮೇಲೆ ತಿಳಿಯಿತು. ಅವನು ಈ ಬ್ರ್ಯಾಂಚ್ ಬಿಡಬೇಕೇ?
— ಒಬ್ಬ ಓದುಗರು, ಹಾಸನ

ಉತ್ತರ: ಯಾಕೆ ಬಿಡಬೇಕು? ಅವನು ಬಿಡಬೇಕಾದದ್ದು ರೆಸಿಸ್ಟರಿನ ಬೆಲೆ ಸೂಚಿಸುವ ಬಣ್ಣದ ಪಟ್ಟಿಯನ್ನು. ಕಂದು, ಕಪ್ಪು, ಕೆಂಪು ಇದ್ದರೆ 1 ಕಿಲೊ ಓಮ್. ಮೂರನೆಯ ಪಟ್ಟಿ ಕೆಂಪಿನ ಬದಲು ಕಂದಾದರೆ 100 ಓಮ್, ಹಸಿರಾದರೆ 1 ಮೆಗಾ ಓಮ್. ಕೆಂಪು, ಕಂದು, ಹಸಿರು ಬೆರೆತು ಕಾಣುವ ಕಣ್ಣಿಗೆ ಇದು ಹತ್ತು ಪಟ್ಟು, ಸಾವಿರ ಪಟ್ಟಿನ ವ್ಯತ್ಯಾಸ. ಅವನ ಮೇಜಿಗೆ ಒಂದು ಮಲ್ಟಿಮೀಟರ್ ಕೊಡಿ, ಅಳೆದು ಹಾಕಲಿ. ರೆಸಿಸ್ಟರ್ ಡಬ್ಬಿಗಳ ಮೇಲೆ ಬೆಲೆ ಬರೆದು ಅಂಟಿಸಿ, ಇದರಿಂದ ಉಳಿದವರಿಗೂ ಅನುಕೂಲ. ಬೋರ್ಡಿನ ಮೇಲೆ ಬೆಸೆಯುವ ಪುಟ್ಟ ಎಸ್‌ಎಂಡಿ ರೆಸಿಸ್ಟರ್‌ಗಳಲ್ಲಿ ಹೇಗೂ ಬಣ್ಣವಿಲ್ಲ, 472 ಎಂದಿದ್ದರೆ 47ರ ಮುಂದೆ ಎರಡು ಸೊನ್ನೆ, ಅಂದರೆ 4.7 ಕಿಲೊ ಓಮ್, ಅಷ್ಟೇ.

ಹುಷಾರಾಗಿರಬೇಕಾದದ್ದು ವೈರಿಂಗ್ ವಿಷಯದಲ್ಲಿ. ನಮ್ಮ ಕಟ್ಟಡಗಳಲ್ಲಿ ಫೇಸ್‌ಗೆ ಕೆಂಪು, ಅರ್ಥಿಂಗ್‌ಗೆ ಹಸಿರು ತಂತಿ ಬಳಸುವುದು ರೂಢಿ. ಅವನಿಗೆ ಬೆರೆತು ಕಾಣುವುದು ಇದೇ ಎರಡು ಬಣ್ಣ. 230 ವೋಲ್ಟ್ ಇರುವ ಕಡೆ ತಂತಿಯ ತುದಿಗೆ ಅಕ್ಷರದ ಲೇಬಲ್ ಹಾಕದೆ, ಮೀಟರಿನಲ್ಲಿ ಪರೀಕ್ಷಿಸದೆ ಕೈ ಹಚ್ಚಬಾರದೆಂಬುದು ಇಡೀ ಲ್ಯಾಬಿನ ನಿಯಮವಾಗಲಿ. ಅವನೊಬ್ಬನ ಮೇಲೆ ಹೇರಬೇಡಿ. ನಿಮ್ಮ ಸ್ಲೈಡುಗಳಲ್ಲಿ ಕೆಂಪು ಗೆರೆ, ಹಸಿರು ಗೆರೆ ಎಂದು ಗ್ರಾಫ್ ಹಾಕುತ್ತಿದ್ದರೆ ಒಂದನ್ನು ಚುಕ್ಕಿ ಗೆರೆಯಾಗಿ ಬದಲಿಸಿ. ಇಂಥವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಇರಬಹುದು, ಹುಡುಗರಲ್ಲೇ ಹೆಚ್ಚು. ಕೇಳುವವರಿಲ್ಲದ್ದರಿಂದ ಹೇಳುವುದಿಲ್ಲ.

ಪ್ರಶ್ನೆ: ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚು ಕೊಡಬೇಕೆಂದು ಆದೇಶ ಬಂದಿದೆ. ಇದು ಉಳಿದವರಿಗೆ ಅನ್ಯಾಯವಲ್ಲವೇ?
— ಒಬ್ಬ ಪ್ರಾಧ್ಯಾಪಕರು, ಕಲಬುರಗಿ

ಉತ್ತರ: ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ, ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆಯೂ ಒಂದು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ, ನಿಮಗೆ ಬಂದ ಆದೇಶದ ಲೆಕ್ಕ ಅದೇ.

ಕಾಯಿದೆಯನ್ನು ಬದಿಗಿಟ್ಟೂ ಯೋಚಿಸೋಣ. ಬರ್ನೌಲಿ ಸಮೀಕರಣದ ಪ್ರಶ್ನೆಯಲ್ಲಿ ನೀವು ಅಳೆಯುತ್ತಿರುವುದು ಬರ್ನೌಲಿಯನ್ನೋ, ನಿಮಿಷಕ್ಕೆ ಎಷ್ಟು ಸಾಲು ಬರೆಯುತ್ತಾನೆ ಎಂಬುದನ್ನೋ? ಎರಡನೆಯದಾದರೆ ಅದನ್ನು ಸಿಲಬಸ್ಸಿನಲ್ಲಿ ಬರೆಯಿರಿ. ನನ್ನ ಇಂಟರ್ನಲ್ಸ್ ಪೇಪರನ್ನು ಒಂದು ಗಂಟೆಯಲ್ಲಿ ಮುಗಿಯುವಂತೆ ತೆಗೆದು ಎಲ್ಲರಿಗೂ ಒಂದೂವರೆ ಗಂಟೆ ಕೊಡುತ್ತೇನೆ. ವಿಷಯ ಗೊತ್ತಿಲ್ಲದವನಿಗೆ ಆ ಅರ್ಧ ಗಂಟೆಯಿಂದ ಏನೂ ಲಾಭವಾಗುವುದಿಲ್ಲ, ಕಿಟಕಿಯಾಚೆ ನೋಡುತ್ತಾ ಕೂರುತ್ತಾನೆ. ಗೊತ್ತಿದ್ದೂ ನಿಧಾನವಾಗಿ ಓದುವವನಿಗೆ ಪೂರ್ತಿ ಲಾಭ. ಪ್ರಶ್ನೆಪತ್ರಿಕೆಯ ಅಕ್ಷರ ಸ್ವಲ್ಪ ದೊಡ್ಡದಿರಲಿ. ಒಂದು ಪ್ರಶ್ನೆಯನ್ನು ಒಂದು ಪುಟದಲ್ಲಿ ಅರ್ಧ, ಮುಂದಿನ ಪುಟದಲ್ಲಿ ಅರ್ಧ ಮಾಡಬೇಡಿ. ದೃಷ್ಟಿ ಮಂದವಿದ್ದ ವಿದ್ಯಾರ್ಥಿಗೆ ನಾನು ಶಿಯರ್ ಫೋರ್ಸ್ ಡಯಾಗ್ರಾಮನ್ನು (ತೊಲೆಯ ಉದ್ದಕ್ಕೂ ಅಡ್ಡಬಲ ಹೇಗೆ ಬದಲಾಗುತ್ತದೆಂದು ತೋರಿಸುವ ಗೆರೆಚಿತ್ರ) ರಟ್ಟಿನ ಮೇಲೆ ಗೋಣಿದಾರ ಅಂಟಿಸಿ ಮಾಡಿಕೊಡುತ್ತಿದ್ದೆ, ಆಧಾರ ಬಿಂದುಗಳಿಗೆ ಬಟ್ಟೆಯ ಗುಂಡಿ. ಕಣ್ಣು ಚೆನ್ನಾಗಿದ್ದ ಗೆಳೆಯರು ಅದನ್ನು ಕಸಿದುಕೊಂಡು ಬೆರಳಾಡಿಸಿ, ಭಾರ ಬಿದ್ದ ಕಡೆ ಗೆರೆ ಏಕೆ ಧುಮುಕುತ್ತದೆಂದು ಅರ್ಥ ಮಾಡಿಕೊಂಡರು.

ಪ್ರಶ್ನೆ: ನಿಮ್ಮ ಅಂಕಣ ಓದಿದರೆ ಈಗಿನ ಮಕ್ಕಳನ್ನು ಎತ್ತಿ ಮುದ್ದಾಡಬೇಕೆನ್ನುವಂತಿದೆ. ನಮ್ಮ ಕಾಲದಲ್ಲಿ ಪ್ರತಿಭೆಯಿದ್ದವರು ತಾವೇ ಮೇಲೆ ಬಂದರು. ವಿಶ್ವೇಶ್ವರಯ್ಯನವರಿಗೆ ಯಾರು ಸಾಬೂನು ಕತ್ತರಿಸಿ ತೋರಿಸಿದ್ದರು?
— ನಿವೃತ್ತ ಇಂಜಿನಿಯರ್, ಮೈಸೂರು

ಉತ್ತರ: ಸಾಬೂನಿನ ವಿಷಯ ದಾಖಲೆಯಲ್ಲಿಲ್ಲ ಸಾರ್. ದಾಖಲೆಯಲ್ಲಿ ಇರುವುದು ಇಷ್ಟು: ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ ಅವರು ಇಂಜಿನಿಯರಿಂಗ್ ಓದಲು ಪುಣೆಗೆ ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಪ್ರತಿಭೆ ಅವರದೇ, ದಾರಿಖರ್ಚು ಸಂಸ್ಥಾನದ್ದು.

ಮಟ್ಟ ಇಳಿಸಿ ಎಂದು ನಾನು ಎಲ್ಲೂ ಬರೆದಿಲ್ಲ. ಕನ್ನಡ ಮಾಧ್ಯಮದವನು ಲೆಕ್ಕ ಹಾಕಿದ್ದೆಂದು ಸೇತುವೆ ರಿಯಾಯಿತಿ ತೋರಿಸುವುದಿಲ್ಲ. ನನ್ನ ತರಗತಿಯಲ್ಲಿ ಎಲ್ಲರ ತೊಲೆಯೂ ಒಂದೇ ಭಾರ ಹೊರಬೇಕು, ಎಲ್ಲರಿಗೂ ಒಂದೇ ಕೊನೆಯ ಪರೀಕ್ಷೆ. ಆದರೆ ಅಲ್ಲಿಗೆ ತಲುಪಲು ಬಾವಿಯ ಕಟ್ಟೆಯಿಂದ ಹೊರಟವನಿಗೂ ಕೋಚಿಂಗ್ ಸೆಂಟರಿನಿಂದ ಹೊರಟವನಿಗೂ ಒಂದೇ ಬಸ್ಸಿಲ್ಲ. ತಾವು ನಿವೃತ್ತರು, ಬಿಡುವಿರಬಹುದು. ಹತ್ತಿರದ ಪಾಲಿಟೆಕ್ನಿಕ್ಕಿಗೆ ಒಂದು ಶನಿವಾರ ಹೋಗಿ ತಮ್ಮ ಕಾಲದ ಒಂದು ಕಾಮಗಾರಿಯ ನಕ್ಷೆಯನ್ನು ಬಿಡಿಸಿ ತೋರಿಸಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕಿಸುತ್ತೇನೆ.

ಪ್ರಶ್ನೆ: ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಯಾವಾಗಲೂ ಅದೇ ಮೂವರು ಉತ್ತರ ಹೇಳುತ್ತಾರೆ. ಉಳಿದವರನ್ನು ಮಾತಾಡಿಸುವುದು ಹೇಗೆ?
— ಒಬ್ಬ ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರೆಂದು ಮೊಬೈಲಿನಲ್ಲಿ ಒಮ್ಮೆ ಧ್ವನಿಮುದ್ರಣ ಮಾಡಿ ಕೇಳಿಸಿಕೊಳ್ಳಿ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ಶಾಲೆಗಳಲ್ಲಿ ಹೀಗೆ ಕೇಳಿಸಿಕೊಂಡಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ನಿಧಾನವೆಂದು ಹೆಸರು ಬಿದ್ದ ಮಕ್ಕಳೂ ಬಾಯಿ ಬಿಟ್ಟರು. ಶಾಲೆಯ ಪ್ರಶ್ನೆಗೆ ಮೂರಾದರೆ ಇಂಜಿನಿಯರಿಂಗ್ ಪ್ರಶ್ನೆಗೆ ಹತ್ತಾದರೂ ಬೇಕು, ಏಕೆಂದರೆ ಅನೇಕರು ಪ್ರಶ್ನೆಯನ್ನು ಕನ್ನಡಕ್ಕೆ ತಂದು ಯೋಚಿಸಿ, ಉತ್ತರವನ್ನು ಮತ್ತೆ ಇಂಗ್ಲಿಷಿಗೆ ಒಯ್ಯುತ್ತಿರುತ್ತಾರೆ. ಆ ಮೂವರಿಗೆ ಮೊದಲೇ ಹೇಳಿಡಿ, ಕೈ ಎತ್ತುವುದು ಬೇಡ, ಬರೆದಿಟ್ಟುಕೊಳ್ಳಿ ಎಂದು. ಹತ್ತು ಸೆಕೆಂಡ್ ಸುಮ್ಮನೆ ನಿಲ್ಲುವುದು ಮೊದಮೊದಲು ಹಿಂಸೆ. ತೀರಾ ಕಷ್ಟವಾದರೆ ಬೆನ್ನು ತಿರುಗಿಸಿ ಬೋರ್ಡ್ ಒರೆಸಿ.